ಹಂಡೆ ಸೇದಿದ ಪೈಪು

ಬೈಲಹೊಂಗಲ
೧೨–೧೦–೧೯೫೧

ತೀರ್ಥರೂಪ ಅವ್ವನಿಗೆ ಯಮುನಾಳ ನಮಸ್ಕಾರ.

ಕ್ಷೇಮಸಮಾಚಾರವನ್ನು ಕೊನೆಗೆ ಬರೆಯುತ್ತೇನೆ, ಏನಾದರೂ ಉಳಿದಿದ್ದರೆ. ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಊಟ ಇಳಿಯುವುದಿಲ್ಲ.

ಮೊನ್ನೆ ಖಂಡೇಪೂಜೆ. ನಾನು ಈ ಮನೆಗೆ ಬಂದ ಮೇಲೆ ಮೊದಲನೆಯ ದಸರಾ. ಅತ್ತೆಯವರು ಬೆಳಿಗ್ಗೆಯೇ ಹೇಳಿದರು, "ಯಮುನಾ, ಮನ್ಯಾಗಿನ ಆಯುಧ ಎಲ್ಲಾ ತಿಕ್ಕಿ ಇಡು. ಒಂದೂ ಬಿಡಬ್ಯಾಡ." ನಾನು ಬಿಡುವವಳೇ? ಈಳಿಗೆ, ಕುಡಗೋಲು, ಅಡಕೊತ್ತು, ತಕ್ಕಡಿ, ಇವರ ಸೈಕಲ್ಲಿನ ಪಾನಾ, ಎಲ್ಲವನ್ನೂ ಹುಣಸೆಹುಳಿ, ಬೂದಿ ಹಾಕಿ ತಿಕ್ಕಿ ಹಿತ್ತಲಲ್ಲಿ ಸಾಲಾಗಿ ಒಣಗಿಸಿದೆ. ಆಗ ನನ್ನ ಜಾಣ ತಲೆಗೆ ಹೊಳೆಯಿತು, ಮಾವನವರ ಆಯುಧ ಯಾವುದು? ಮಾಮಲೇದಾರಿ ಮುಗಿಸಿ ಪೆನ್ಶನ್ ತೆಗೆದುಕೊಂಡು ಕುಳಿತವರು. ಅವರ ಕೈಯಲ್ಲಿ ನಾನು ಕಂಡದ್ದು ತಂಬಾಕು ಸೇದುವ ಪೈಪು ಒಂದೇ.

ಆ ಪೈಪನ್ನು ನೀನು ಮದುವೆಯಲ್ಲಿ ನೋಡಿದ್ದೀ. ಪೇಟ ಸುತ್ತಿದ ಗಡ್ಡದ ಮುದುಕನ ತಲೆ ಕೆತ್ತಿದ್ದು, ಸುಟ್ಟ ಬೆಲ್ಲದ ಬಣ್ಣದ್ದು. ನಾನು ಅದನ್ನು ಹೊಗೆ ಹಿಡಿದು ಕಪ್ಪಾದ ಹೊಲಸು ಎಂದುಕೊಂಡೆ. ಹುಣಸೆನೀರಿನಲ್ಲಿ ನೆನೆಹಾಕಿ, ತೆಂಗಿನ ನಾರಿನಿಂದ, ಬೂದಿಯಿಂದ, ಅದೂ ಸಾಲದೆಂದು ಇಟ್ಟಂಗಿ ಪುಡಿಯಿಂದ ಗಸಗಸ ತಿಕ್ಕಿದೆ. ಅವ್ವಾ, ಒಳಗಿನಿಂದ ಬೆಳ್ಳನೆಯ ಕಲ್ಲು ಬಂತು! ಮುದುಕ ಹಿಟ್ಟು ಬಳಿದುಕೊಂಡು ಕುಳಿತವನ ಹಾಗೆ ಕಂಡ. ನನಗೆ ಎಷ್ಟು ಹೆಮ್ಮೆ ಎನ್ನುತ್ತೀ! ಅವನ ಹಣೆಗೆ ಕುಂಕುಮ ಹಚ್ಚಿ, ಚೆಂಡುಹೂವು ಏರಿಸಿ, ಎಲ್ಲ ಆಯುಧಗಳ ನಡುವೆ ಕೂಡಿಸಿದೆ.

ಮಾವನವರು ಮಡಿಯುಟ್ಟು ಪೂಜೆಗೆ ಬಂದರು. ಗಂಟೆ ಎತ್ತಿದವರು ಹಾಗೆಯೇ ನಿಂತರು.

"ಇದೇನು?" ಎಂದರು.

"ತೊಳದೇನ್ರಿ," ಎಂದೆ ನಾನು. "ಭಾಳ ಹೊಲಸಾಗಿತ್ತು."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಪೂಜೆ ಮುಗಿಸಿ, ಮುದುಕನನ್ನು ಎತ್ತಿಕೊಂಡು ಪಡಸಾಲೆಯ ತೂಗುಮಂಚದ ಮೇಲೆ ಕುಳಿತರು. ಆಮೇಲೆ ಇವರು ನನ್ನನ್ನು ಅಡಿಗೆಮನೆಗೆ ಕರೆದು ಹೇಳಿದರು: ಅದು ಒಂದು ಬಗೆಯ ನೊರೆಗಲ್ಲಂತೆ. ಬರುವಾಗ ಬೆಳ್ಳಗೇ ಇರುತ್ತದಂತೆ. ಸೇದಿದ ಹಾಗೆ ವರ್ಷ ವರ್ಷಕ್ಕೆ ಬಣ್ಣ ಕುಡಿಯುತ್ತದಂತೆ. ಕಾರಕೂನಿ ಸೇರಿದಾಗ ಮುಂಬಯಿಯಿಂದ ತರಿಸಿದ್ದು; ಕುತ್ತಿಗೆಯ ಬಣ್ಣ ಕಿತ್ತೂರಿನಲ್ಲಿದ್ದಾಗ ಬಂದದ್ದು, ಪೇಟದ ಬಣ್ಣ ಸವದತ್ತಿಯದು. ಮಾವನವರ ನೌಕರಿಯೆಲ್ಲ ಆ ಬಣ್ಣದಲ್ಲಿತ್ತು. ನಾನು ಒಂದು ಬೆಳಗಿನಲ್ಲಿ ತೊಳೆದು ಮೋರಿಗೆ ಬಿಟ್ಟೆ.

ಈಗ ಅವರು ಪಡಸಾಲೆಯ ಗೋಡೆಗೆ ಒಂದು ಮೊಳೆ ಹೊಡೆದು ಅದನ್ನು ತೂಗುಹಾಕಿದ್ದಾರೆ. ಬಂದವರಿಗೆಲ್ಲ ತೋರಿಸಿ, "ನೋಡ್ರಿ, ನಮ್ಮ ಸೊಸಿ ಪ್ರತಾಪ," ಎನ್ನುತ್ತಾರೆ. ಅಷ್ಟೇ. ಇನ್ನು ಯಾವ ಪೈಪನ್ನೂ ಬಾಯಿಗಿಡುವುದಿಲ್ಲವೆಂದು ತಂಬಾಕಿನ ಡಬ್ಬಿಯನ್ನೂ ಯಾರಿಗೋ ಕೊಟ್ಟುಬಿಟ್ಟರು.

ಕ್ಷೇಮಸಮಾಚಾರ ಇಷ್ಟೇ.

ನಿನ್ನ
ಯಮುನಾ


ಮುರಗೋಡ
೨೦–೧೦–೧೯೫೧

ಚಿ. ಸೌ. ಯಮುನಾಳಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಓದಿ ಮೊದಲು ನಕ್ಕೆ. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು ಇನ್ನಷ್ಟು ನಕ್ಕೆ. ಜಪಕ್ಕೆ ಕುಳಿತಿದ್ದ ನಿಮ್ಮಪ್ಪ ಕಣ್ಣು ತೆರೆದು, "ಏನಾತ?" ಎಂದು ಸನ್ನೆ ಮಾಡಿದರು. "ನಿಮ್ಮ ಮಗಳು ಬೀಗರ ಪೈಪಿಗೆ ಅಭಿಷೇಕ ಮಾಡ್ಯಾಳಂತ," ಎಂದೆ. ಜಪದ ಎಣಿಕೆ ತಪ್ಪಿತೆಂದು ನನ್ನನ್ನೇ ಬೈದರು.

ನಗು ಮುಗಿಯಿತು. ಈಗ ಕೇಳು. ಎರಡು ಹಾಳೆ ತುಂಬ ಹುಣಸೆಹುಳಿ, ಬೂದಿ, ಚೆಂಡುಹೂವು ಎಂದು ಬರೆದಿದ್ದೀ. ಧಾರವಾಡದ ಮಾತು ಏನಾಯಿತು ಎಂಬುದನ್ನು ಬರೆದೇ ಇಲ್ಲ. ನೀನು ಬರೆಯದೆ ಬಿಟ್ಟದ್ದನ್ನೇ ನಾನು ಮೊದಲು ಓದುತ್ತೇನೆ ಎಂಬುದು ನಿನಗೆ ಗೊತ್ತಿರಬೇಕು.

ಮದುವೆಯ ಮಾತುಕತೆಯಲ್ಲಿ ನಿಮ್ಮ ಮಾವನವರು, "ಹುಡುಗಿ ಶಾಣ್ಯಾ ಇದ್ದಾಳ, ಏಳನೇ ಇಯತ್ತೆ ಮುಲ್ಕಿ ಪಾಸಾಗ್ಯಾಳ, ಟ್ರೇನಿಂಗ್ ಕಾಲೇಜಿನ ಮಾತು ಮುಂದ ನೋಡೋಣಂತ," ಎಂದರು. ಬಾಗಿಲ ಹಿಂದೆ ನಿಂತು ನನ್ನ ಎರಡೂ ಕಿವಿಯಿಂದ ಕೇಳಿದ್ದೇನೆ. ಆ "ಮುಂದ" ಬರುವ ಜೂನ್ ತಿಂಗಳಿಗೆ ಬರುತ್ತದೆ. ಒಂದು ಪೈಪಿನ ನೆಪದಿಂದ ಅದು ಮೋರಿಗೆ ಹೋಗಬಾರದು.

ಅಳಬೇಕೆನಿಸಿದರೆ ಅಲ್ಲಿಯೇ ಅಳು, ಮುರಗೋಡಕ್ಕೆ ಬರಬೇಡ. ಇಲ್ಲಿಗೆ ಬಂದರೆ ನಾನು ನಿನ್ನ ತಲೆ ಸವರುತ್ತೇನೆ, ನೀನು ಮೆತ್ತಗಾಗುತ್ತೀ.

ನನ್ನನ್ನು ನಾಲ್ಕನೆಯ ಇಯತ್ತೆಗೆ ಶಾಲೆ ಬಿಡಿಸಿದರು. ಅದು ಹಳೆಯ ಮಾತು, ಬರೆಯುವಂಥದ್ದೇನೂ ಇಲ್ಲ.

ಶಾಂತಾಬಾಯಿ


ಬೈಲಹೊಂಗಲ
೬–೧೧–೧೯೫೧

ಅವ್ವಾ, ನಿನಗೆ ನಮಸ್ಕಾರ. ನಾನು ಪಂಥ ಕಟ್ಟಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ದೀಪಾವಳಿಗೆ ರಾಮದುರ್ಗದಿಂದ ಅತ್ತೆಯವರ ಅಣ್ಣ ಬಂದಿದ್ದರು. ಬಾಯಿಗೆ ಕದವಿಲ್ಲದ ಮನುಷ್ಯ. ಮೊಳೆಯ ಮೇಲಿನ ಮುದುಕನನ್ನು ನೋಡಿದ್ದೇ ತಡ, "ಏನ್ರಿ ದಿಗಂಬರರಾಯರ, ಮುದುಕಗ ಸುಣ್ಣಾ ಯಾರು ಬಳದ್ರಿ?" ಎಂದರು.

"ನೋಡ್ರಿ, ನಮ್ಮ ಸೊಸಿ ಪ್ರತಾಪ," ಎಂದರು ಮಾವನವರು. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಇಂಥಾಕಿ ಧಾರವಾಡಕ್ಕ ಹೋಗಿ ಮಾಸ್ತರಣಿ ಆಗ್ತಾಳಂತ. ಒಂದು ಪೈಪು ಸಿಕ್ಕರ ಹಿಂಗ ಮಾಡ್ಯಾಳ. ಮಂದೀ ಮಕ್ಕಳು ಸಿಕ್ಕರ ಏನು ಮಾಡ್ಯಾಳೋ!"

ಅವ್ವಾ, ನನಗೆ ಕಿವಿಯವರೆಗೆ ಬಿಸಿ ಏರಿತು. ಕೈಯಲ್ಲಿ ಚಕ್ಕುಲಿಯ ತಟ್ಟೆ ಇತ್ತು. ಬಾಗಿಲ ಹಿಂದಿನಿಂದ ನನ್ನ ಬಾಯಿ ತಾನೇ ಹೇಳಿಬಿಟ್ಟಿತು: "ಆ ಬಣ್ಣ ತಿರುಗಿ ತಂದ್ರ?"

ಅತ್ತೆಯವರು ನನ್ನ ಸೆರಗು ಹಿಡಿದು ಜಗ್ಗಿದರು. ಮಾವನವರು ತೂಗುಮಂಚವನ್ನು ಕಾಲಿನಿಂದ ನಿಲ್ಲಿಸಿ, "ಏನಂದಿ?" ಎಂದರು.

"ಆ ಬಣ್ಣ ತಿರುಗಿ ತಂದ್ರ ಧಾರವಾಡಕ್ಕ ಕಳಸ್ತೀರೇನ್ರಿ?"

"ತಾ," ಎಂದರು. "ಯುಗಾದಿತನಕ ವ್ಯಾಳ್ಯಾ ಕೊಟ್ಟೇನಿ. ತಂದ್ರ ನಾನೇ ನಿನ್ನ ಟ್ರಂಕ್ ಹೊತಗೊಂಡು ಬಿಟ್ಟ ಬರತೇನಿ. ತರಲಿಲ್ಲಂದ್ರ ಆ ಮಾತು ಈ ಮನ್ಯಾಗ ಮತ್ತ ಎತ್ತಬಾರದು." ರಾಮದುರ್ಗದ ಮಾವ ಚಪ್ಪಾಳೆ ಹೊಡೆದು ಸಾಕ್ಷಿಯಾದರು.

ಹೇಳಿದ್ದೇನೋ ಹೇಳಿದೆ. ಆದರೆ ಪೈಪಿನ ಓನಾಮವೂ ನನಗೆ ತಿಳಿಯದು. ಅದಕ್ಕೆ ಮೊದಲು ಗೂಡಿನಲ್ಲಿ ಧೂಳು ತಿನ್ನುತ್ತ ಬಿದ್ದಿದ್ದ ಕಟ್ಟಿಗೆಯ ಪೈಪುಗಳ ಮೇಲೆ ಕೈ ಪಳಗಿಸುತ್ತಿದ್ದೇನೆ. ಅವು ಎಂಜಲಂತೆ. "ಮುಟ್ಟಿದ್ರ ಸ್ನಾನ ಮಾಡೇ ಒಳಗ ಬರಬೇಕು," ಎಂದು ಅತ್ತೆಯವರ ಕಟ್ಟಪ್ಪಣೆ. ಆಗಲಿ ಎಂದು ಹಿತ್ತಲ ಬಾವಿಕಟ್ಟೆಯೇ ನನ್ನ ಕಾರಖಾನೆ. ಬಟ್ಟಲೊಳಗೆ ಇದ್ದಿಲ ಹಾಗೆ ಗಟ್ಟಿಯಾಗಿ ಕಟ್ಟಿದ ಕರಿಯನ್ನು ಮೊಂಡು ಚಾಕುವಿನಿಂದ ಹೆರೆಯುತ್ತೇನೆ. ಆಮೇಲೆ ಉಪ್ಪು ತುಂಬಿ, ಇವರು ದವಾಖಾನೆಯ ಕಂಪೌಂಡರನಿಂದ ತಂದುಕೊಟ್ಟ ಸ್ಪಿರಿಟ್ಟು ಸುರಿದು ಇಟ್ಟರೆ, ಮರುದಿನಕ್ಕೆ ಆ ಉಪ್ಪು ಹಳೆಯ ಕಮಟನ್ನೆಲ್ಲ ಹೀರಿಕೊಂಡು ಕಂದಾಗಿರುತ್ತದೆ. ಬಾಯಿಗಿಡುವ ಕರಿಯ ತುದಿ ಹಸಿರುಗಟ್ಟಿತ್ತು. ಹಲ್ಲುಪುಡಿಯಿಂದ ತಿಕ್ಕಿ ಎಳ್ಳೆಣ್ಣೆ ಸವರಿದರೆ ಮಿರಿಮಿರಿ ಮಿಂಚುತ್ತದೆ.

ಕೊಳವೆಯೊಳಗಿನ ಹೊಲಸು ಮಾತ್ರ ಏನು ಮಾಡಿದರೂ ಬರಲೊಲ್ಲದು. ಕೊನೆಗೆ ಕಸಬರಿಗೆಯ ಕಡ್ಡಿಗೆ ಹತ್ತಿ ಸುತ್ತಿ, ದೇವರ ಬತ್ತಿ ಹೊಸೆದ ಹಾಗೆ ಹೊಸೆದು ತೂರಿಸಿದೆ. ಎಂಥ ಕರಿ ಬಂತು ಅಂತೀ! ಅಷ್ಟರಲ್ಲಿ ಅತ್ತೆಯವರು ನೋಡಿದರು. "ಅಯ್ಯ ಶಿವನ, ದೇವರ ಬತ್ತೀ ಹತ್ತಿ ಆ ಎಂಜಲಕ್ಕ?" ಎಂದು ಕೂಗಾಡಿ ಹತ್ತಿಯ ಬುಟ್ಟಿ ಕಸಿದುಕೊಂಡು ಹೋದರು.

ಮರುದಿನ ಬಾವಿಕಟ್ಟೆಯ ಮೇಲೆ ಬೇರೊಂದು ಬುಟ್ಟಿ ಇತ್ತು. ಅದರ ತುಂಬ ಹೊಸೆದ ಉದ್ದುದ್ದ ಬತ್ತಿಗಳು. 

ಯಮುನಾ


ಮುರಗೋಡ
೨೪–೧೧–೧೯೫೧

ಚಿ. ಸೌ. ಯಮುನಾ, ಆಶೀರ್ವಾದ.

ಬಾಗಿಲ ಹಿಂದಿನಿಂದ ಮಾತಾಡಿದೆಯಾ! ನಾನು ಬಾಗಿಲ ಹಿಂದೆ ಬರೀ ಕೇಳಿಸಿಕೊಂಡೆ. ಹೋಗಲಿ.

ಕಟ್ಟಿಗೆಯ ಪೈಪು ಮಿಂಚಿದರೆ ಏನು ಬಂತು? ಪಂಥ ಇರುವುದು ಮುದುಕನ ಮೇಲೆ. ಸೇದದೆ ಬಣ್ಣ ಬಾರದು. ನಿಮ್ಮ ಮಾವನವರು ಬಿಟ್ಟು ಕುಳಿತಿದ್ದಾರೆ. ಅಳಿಯಂದಿರಿಗೆ ರೂಢಿಯಿಲ್ಲ. ನೀನು ಸೇದುತ್ತೀ ಎಂದರೆ ನಿಮ್ಮಪ್ಪನಿಗೆ ನಾನು ಯಾವ ಮುಖ ತೋರಿಸಲಿ? ಇದಕ್ಕೆ ಉತ್ತರ ಸಿಗುವ ತನಕ ಹಲ್ಲುಪುಡಿಯ ಕಥೆ ನನಗೆ ಬೇಡ.

ಚಳಿ ಬಿದ್ದಿದೆ. ಬಾವಿಕಟ್ಟೆಯ ಮೇಲೆ ದಿನವೂ ತಲೆಯ ಮೇಲೆ ನೀರು ಹೊಯ್ದುಕೊಳ್ಳಬೇಡ, ಮೈಗೆ ಹೊಯ್ದುಕೊಂಡರೂ ಸ್ನಾನವೇ.

ಅವ್ವ


ಬೈಲಹೊಂಗಲ
೧೬–೧೨–೧೯೫೧

ಅವ್ವಾ, ಉತ್ತರ ಸಿಕ್ಕಿತು! ಕುಳಿತುಕೊಂಡು ಓದು.

ಇವರು ಒಮ್ಮೆ ನನಗಾಗಿ ಸೇದಲು ನೋಡಿದರು ಪಾಪ. ಗಿರಣಿಯ ಹಿಂದೆ ಹೋಗಿ ಯಾರದೋ ತಂಬಾಕು ತುಂಬಿ ಎರಡು ಸಲ ಎಳೆದರಂತೆ. ಮನೆಗೆ ಬಂದವರ ಕಣ್ಣು ಕೆಂಡದ ಹಾಗಿತ್ತು. ಕಷಾಯ ಕುಡಿಸಿ ಮಲಗಿಸಿದೆ. "ಯಮುನಾ, ಧಾರವಾಡಕ್ಕ ಬೇಕಾದ್ರ ನಾನೇ ಹೋಗಿ ಕಲತ ಬರತೇನಿ, ಇದೊಂದು ಒಲ್ಲೆ," ಎಂದರು.

ಮೊನ್ನೆ ಬಚ್ಚಲಲ್ಲಿ ಬುಡದಲ್ಲಿ ನಳ ಕೂಡಿಸಿದ ಹಂಡೆಯಿಂದ ನೀರು ಬಿಡುತ್ತಿದ್ದೆ. ಬೆಳಿಗ್ಗೆ ಮುಚ್ಚಳವನ್ನು ಬಿಗಿಯಾಗಿ ಬಡಿದಿದ್ದರಿಂದ ನೀರು ತೊಟತೊಟ ಎಂದು ನಿಂತುಬಿಟ್ಟಿತು. ಮುಚ್ಚಳವನ್ನು ಒಂದು ಕೂದಲಿನಷ್ಟು ಸಡಿಲಿಸಿದೆ. ಗುಳುಗುಳು ಎನ್ನುತ್ತ ನೀರು ಬಂತು. ಅತ್ತೆಯವರು ಗೂಡಿನಲ್ಲಿ ಹಚ್ಚಿಟ್ಟಿದ್ದ ಊದಿನಕಡ್ಡಿಯ ಹೊಗೆ ನೆಟ್ಟಗೆ ಮೇಲೆ ಹೋಗುತ್ತಿದ್ದುದು, ಸೊಂಟ ತಿರುಗಿಸಿ ಆ ಸಂದಿಯೊಳಗೆ ಹೊಕ್ಕಿತು! ನಳ ನಿಲ್ಲಿಸಿದೆ, ಹೊಗೆ ನಿಂತಿತು. ನಳ ಬಿಟ್ಟೆ, ಮತ್ತೆ ಹೊಕ್ಕಿತು. ನೀರು ಹೊರಗೆ ಹೋದಷ್ಟು ಗಾಳಿ ಒಳಗೆ ಬರಬೇಕು ಎಂದು ಏಳನೆಯ ಇಯತ್ತೆಯಲ್ಲಿ ಬಾಯಿಪಾಠ ಮಾಡಿದ್ದೆ, ಕಣ್ಣಿನಿಂದ ನೋಡಿದ್ದು ಅಂದೇ.

ಅವ್ವಾ, ಹಂಡೆಯೇ ಸೇದುತ್ತದೆ! ಯಾರ ಬಾಯಿಯೂ ಬೇಡ, ಎಂಜಲೂ ಇಲ್ಲ.

ಹಿತ್ತಲಲ್ಲಿ ಕವುಚಿಟ್ಟಿದ್ದ ಹಳೆಯ ನಳದ ಹಂಡೆಯೊಂದನ್ನು ಎತ್ತಿಸಿಕೊಂಡೆ. ಕಲಾಯಿ ಮಾಡುವವನ ಹತ್ತಿರ ಮುಚ್ಚಳಕ್ಕೆ ಒಂದು ತೂತು ಹಾಕಿಸಿದೆ. ಕಂಪೌಂಡರ ಕೊಟ್ಟ ರಬ್ಬರಿನ ನಳಿಕೆಯ ಒಂದು ತುದಿ ಆ ತೂತಿನೊಳಗೆ, ಇನ್ನೊಂದು ತುದಿ ಮುದುಕನ ಪೈಪಿಗೆ. ಆ ನಳಿಕೆ ಮೊದಲು ಯಾವ ಕೆಲಸಕ್ಕಿತ್ತು ಎಂದು ಅತ್ತೆಯವರಿಗೆ ನಾನು ಹೇಳಿಲ್ಲ, ನೀನೂ ಕೇಳಬೇಡ. ಸಂದಿಗಳಿಗೆಲ್ಲ ಚಪಾತಿಯ ಕಣಕ ಮೆತ್ತಿದೆ. ಹಿಂದಿನ ದಿನ ಮೆತ್ತಿದ್ದನ್ನು ಮರುದಿನ ನೋಡಿದರೆ ಇಲಿ ತಿಂದುಹೋಗಿತ್ತು! ಎರಡನೆಯ ಸಲ ಮೆತ್ತಿದ್ದು ಒಣಗಿ ಬಿರುಕು ಬಿಟ್ಟಿತು. ಕೊನೆಗೆ ಮಾವನವರ ಹಳೆಯ ಪೆಟ್ಟಿಗೆಯಲ್ಲಿ ಕಚೇರಿಯ ಲಕೋಟೆಗಳಿಗೆ ಮುದ್ರೆ ಒತ್ತುತ್ತಿದ್ದ ಅರಗು ಸಿಕ್ಕಿತು. ಅದನ್ನು ಮುಚ್ಚಳದ ಸುತ್ತ ಕರಗಿಸಿ ಬಿಟ್ಟೆ; ನೀರು ತುಂಬುವಾಗ ನಳಿಕೆ ಕಿತ್ತು ಅದೇ ತೂತಿನಿಂದ ಸುರಿಯುತ್ತೇನೆ. ಈಗ ಹಂಡೆ ಸರಕಾರಿ ಮುದ್ರೆ ಬಿದ್ದ ಹಾಗೆ ಭದ್ರವಾಗಿದೆ.

ಎಲ್ಲ ಸಿದ್ಧ, ತಂಬಾಕು ಒಂದೇ ಇಲ್ಲ. ಇಲ್ಲಿ ಅಂಗಡಿಯಲ್ಲಿ ಇವರು ಕೇಳಿದರೆ ಸಂಜೆಗೆ ಮಾವನವರ ಕಿವಿಗೆ ಬೀಳುತ್ತದೆ. ಕಣ್ಣ ಮುಂದೆ ತೋರಿಸುವ ತನಕ ಅವರಿಗೆ ಗೊತ್ತಾಗಬಾರದು. ಅವ್ವಾ, ನಿನ್ನನ್ನು ಕೇಳಬಾರದ್ದನ್ನು ಕೇಳುತ್ತಿದ್ದೇನೆ. ಒಂದಿಷ್ಟು ಎಲೆ ಕಳಿಸುತ್ತೀಯಾ?

ಯಮುನಾ


ಬೈಲಹೊಂಗಲ
೧೭–೧–೧೯೫೨

ಅವ್ವನಿಗೆ ನಮಸ್ಕಾರ.

ಒಂದು ತಿಂಗಳಾಯಿತು, ನಿನ್ನ ಕಾಗದವಿಲ್ಲ. ಸಂಕ್ರಾಂತಿಯ ಎಳ್ಳು ಕೂಡ ಬರಲಿಲ್ಲ. ಪುರೋಹಿತರ ಹೆಂಡತಿಗೆ ತಂಬಾಕು ಕೇಳಿದ್ದು ನನ್ನ ತಪ್ಪು. ಸಿಟ್ಟಾಗಿದ್ದರೆ ಸಿಟ್ಟನ್ನಾದರೂ ಬರೆದು ಕಳಿಸು, ಓದುತ್ತೇನೆ.

ಹಂಡೆ ಸುಮ್ಮನೆ ಕುಳಿತಿದೆ. ಯುಗಾದಿ ಬರುತ್ತಿದೆ. ಮಾವನವರು ನಿನ್ನೆ ನನ್ನನ್ನು ನೋಡಿ, "ಮುದುಕ ಇನ್ನೂ ಬೆಳ್ಳಗೇ ಇದ್ದಾನಲ್ಲ," ಎಂದರು. ನಾನು ಕೊಡ ಎತ್ತಿಕೊಂಡು ಬಾವಿಗೆ ಹೋದೆ.

ಯಮುನಾ


ಮುರಗೋಡ
೨೬–೧–೧೯೫೨

ಯಮುನಾ,

ಈ ಚೀಟಿ ನಮ್ಮ ಹೊಲ ಮಾಡುವ ರಾಯಪ್ಪನ ಕೈಯಲ್ಲಿ. ಅವನು ಹತ್ತಿ ಗಾಡಿ ಹೊಡೆದುಕೊಂಡು ಬೈಲಹೊಂಗಲದ ಪೇಟೆಗೆ ಬರುತ್ತಿದ್ದಾನೆ. ಡಬ್ಬಿಯಲ್ಲಿ ಶೇಂಗಾ ಉಂಡಿ ಇವೆ. ತಳದವರೆಗೆ ತೆಗೆ.

ಹಸಿ ಎಲೆಯನ್ನು ಕಳಿಸಿದರೆ ಏನು ಪ್ರಯೋಜನ? ಒಣಗಿ, ಹದಕ್ಕೆ ಬಂದು, ಅಟ್ಟದ ಮೇಲೆ ನಿಮ್ಮಪ್ಪನ ಕಣ್ಣಿಗೆ ಬೀಳದೆ ಇರಬೇಕಲ್ಲ. ಅದಕ್ಕೇ ತಡ. ಸಿಟ್ಟಂತೆ, ಸಿಟ್ಟು!

ಸಣ್ಣಗೆ ಹೆಚ್ಚಿ ಬೆಲ್ಲದ ನೀರು ಚಿಮುಕಿಸು, ಘಾಟು ಇಳಿಯುತ್ತದೆ. ನನಗೆ ಹೇಗೆ ಗೊತ್ತು ಎಂದು ಕೇಳಬೇಡ.

ಅವ್ವ


ಬೈಲಹೊಂಗಲ
೧೨–೨–೧೯೫೨

ಅವ್ವಾ! ನನ್ನವ್ವಾ!

ರಾಯಪ್ಪ ಅಂಗಳದಲ್ಲಿ ನಿಂತು ಊರಿಗೇ ಕೇಳುವ ಹಾಗೆ ಹೇಳಿದ: "ತಂಗೆವ್ವಾ, ನಿಮ್ಮವ್ವಾರು ಉಂಡಿ ಕೊಟ್ಟಾರ. ಮ್ಯಾಲಿನೂ ಬೀಗರಿಗಂತ, ತಳದಾಗಿಂದು ನಿನಗ ಒಬ್ಬಾಕಿಗೇ ಅಂತ. ಏನೈತೋ ನನಗೇನು ಗೊತ್ತಿಲ್ಲ, ಖರೇ ದಾರಿತುಂಬ ಎತ್ತು ಸೀನಿದ್ವು!" ನಾನು ಅವನ ಕೈಗೆ ಚಹಾ ಕೊಟ್ಟು ಬಾಯಿ ಮುಚ್ಚಿಸಿದೆ.

ಮಾವನವರು ಮಧ್ಯಾಹ್ನ ವಾಚನಾಲಯಕ್ಕೆ ಹೋಗುತ್ತಾರಲ್ಲ, ಅದೇ ನನ್ನ ಹೊತ್ತು. ಮುದುಕನನ್ನು ಮೊಳೆಯಿಂದ ಇಳಿಸಿ, ತುಂಬಿಸಿ, ಮೇಲೆ ಒಂದು ಕೆಂಡ ಇಟ್ಟು, ನಳ ಬಿಟ್ಟೆ. ಕೆಂಡ ಮಿನುಗಿತು. ತಂಬಾಕು ಕೆಂಪಗಾಯಿತು. ಹಂಡೆ ಗುಳುಗುಳು ಎಂದು ಒಳ್ಳೆ ದೊಡ್ಡಮನುಷ್ಯನ ಗತ್ತಿನಿಂದ ಸೇದತೊಡಗಿತು. ಅತ್ತೆಯವರು ಮೂಗಿಗೆ ಸೆರಗು ಹಿಡಿದು ಬಾಗಿಲಲ್ಲೇ ನಿಂತಿದ್ದರು. "ಬಕೀಟು ತುಂಬಲಿಕ್ಕೆ ಹತ್ತೇದ, ಬದಲ ಮಾಡು," ಎಂದು ಅವರೇ ಹೇಳಿದರು! ಹಾಗೆಯೇ ದಿನವೂ ನಡೆಯಿತು. ನೀರು ಗಿಡಗಳಿಗೆ, ಹೊಗೆ ಮುದುಕನಿಗೆ.

ಮೊನ್ನೆ ವಾಚನಾಲಯ ಮುಚ್ಚಿತ್ತು. ಮಾವನವರು ಅರ್ಧ ದಾರಿಯಿಂದ ತಿರುಗಿ ಬಂದಿದ್ದಾರೆ, ನಮಗೆ ಗೊತ್ತಿಲ್ಲ. ತಂಬಾಕಿನ ವಾಸನೆ ಹಿಡಿದು ನೆಟ್ಟಗೆ ಬಚ್ಚಲಿಗೇ ಬಂದರು. "ಯಾಂವ ಅಂವ, ನನ್ನ ಮನ್ಯಾಗ ನನ್ನ ಪೈಪು ಸೇದಾಂವ?" ಎಂದು ಕೋಲು ಎತ್ತಿಕೊಂಡೇ ಬಾಗಿಲು ದೂಡಿದರು.

ಒಳಗೆ ನೋಡಿದರೆ ಯಾರಿದ್ದಾರೆ? ನಾನು ಮೂಲೆಯಲ್ಲಿ. ಅತ್ತೆಯವರು ಬಕೀಟು ಹಿಡಿದು. ನಡುವೆ ಹಂಡೆ ತನ್ನ ಪಾಡಿಗೆ ತಾನು ಸೇದುತ್ತ ಕುಳಿತಿದೆ. ಅದರ ಮುಚ್ಚಳದ ಮೇಲೆ ಅವರದೇ ಕಚೇರಿಯ ಕೆಂಪು ಅರಗು.

ಅವರ ಕೋಲು ನಿಧಾನವಾಗಿ ಕೆಳಗಿಳಿಯಿತು. ಬಗ್ಗಿ ನಳ ನೋಡಿದರು, ನಳಿಕೆ ನೋಡಿದರು. ನಳವನ್ನು ತಾವೇ ನಿಲ್ಲಿಸಿದರು. ಕೆಂಡ ಮಂಕಾಯಿತು. ಬಿಟ್ಟರು. ಮತ್ತೆ ಕೆಂಪಾಯಿತು. ಸಣ್ಣ ಹುಡುಗರ ಹಾಗೆ ನಿಲ್ಲಿಸುವುದು, ಬಿಡುವುದು.

"ಯಾರು ಹೇಳಿಕೊಟ್ರು ನಿನಗ?"

"ಊದಿನಕಡ್ಡಿ," ಎಂದೆ. ಭಯದಲ್ಲಿ ಬಾಯಿಗೆ ಬಂದದ್ದು ಅದೇ.

ಅವ್ವಾ, ಅವರು ನಕ್ಕರು. ದಸರೆಯಿಂದ ಆ ಮನುಷ್ಯ ನಕ್ಕದ್ದನ್ನು ನಾನು ಕಂಡಿರಲಿಲ್ಲ. ಬಚ್ಚಲ ಹೊಸ್ತಿಲ ಮೇಲೆ ಕುಳಿತು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. "ಹಂಡೆ ತಂಬಾಕು ಸೇದೂ ಮನಿ ಅಂದ್ರ ಇಡೀ ಜಿಲ್ಲಾದಾಗ ನಮ್ಮದೊಂದ!" ಎಂದರು.

ಎದ್ದು ಹೋಗುವಾಗ ಮತ್ತೆ ಮುಖ ಗಂಟು ಹಾಕಿಕೊಂಡರು. "ಪಂಥಾ ಬಣ್ಣದ ಮ್ಯಾಲದ, ಹಂಡೇ ಮ್ಯಾಲಿಲ್ಲ," ಎಂದರು. ಹೌದು, ಮುದುಕನಿಗೆ ಇನ್ನೂ ಬಣ್ಣವೇ ಬಂದಿಲ್ಲ. ಹೊಗೆ ಕುಡಿಯುತ್ತಾನೆ, ಬೆಳ್ಳಗೇ ಇರುತ್ತಾನೆ.

ಆದರೆ ಕೇಳು. ನಿನ್ನೆ ತೂಗುಮಂಚದ ಮೇಲೆ ಪೇಪರು ಹಿಡಿದುಕೊಂಡು, ನಾನು ಕಸ ಗುಡಿಸುತ್ತಿದ್ದಾಗ, ಪೇಪರಿಗೆ ಹೇಳಿದರು: "ಮೇಣ ಕುಡಸಲಾರದ ಆ ಕಲ್ಲು ಬಣ್ಣಾ ಹಿಡಿಯೂದುಲ್ಲ. ತಿಕ್ಕಿ ತಿಕ್ಕಿ ಮೇಣ ಎಲ್ಲಾ ತಗದಾಳ." ಹಾಳೆ ಮಗುಚಿದರು. "ಜೇನಮೇಣ. ಕಿತ್ತೂರ ಬಾಜಾರದಾಗ ಚೊಲೋದು ಸಿಗ್ತದ." ನಾನು ಕಸಬರಿಗೆ ಅಲ್ಲಿಯೇ ಬಿಟ್ಟು ಇವರನ್ನು ಕಿತ್ತೂರಿಗೆ ಓಡಿಸಿದೆ.

ಯಮುನಾ


ಬೈಲಹೊಂಗಲ
೩೦–೩–೧೯೫೨

ಅವ್ವಾ, ನಿನ್ನ ಪಾದಗಳಿಗೆ ನಮಸ್ಕಾರ.

ಯುಗಾದಿ ಆಯಿತು. ಬೇವು ತಿಂದ ಬಾಯಿಯಿಂದ ಹೇಳುತ್ತಿದ್ದೇನೆ, ಕೇಳು.

ಮೇಣ ಕರಗಿಸಿ ಮುದುಕನನ್ನು ಅದರಲ್ಲಿ ಹೊರಳಿಸಿ, ಆರಿಸಿ, ಹಂಡೆಗೆ ಕೂಡಿಸಿದೆ. ಎಷ್ಟೋ ದಿನ ಏನೂ ಇಲ್ಲ. ಒಂದು ಮಧ್ಯಾಹ್ನ ಅತ್ತೆಯವರೇ ಕೂಗಿದರು, "ಯಮುನಾ, ಇಲ್ಲಿ ಬಾ, ಕುತಗೀ ನೋಡು!" ಕುತ್ತಿಗೆಯಲ್ಲಿ, ಹೆಂಚಿನ ಮೇಲಿನ ಚಪಾತಿಗೆ ಚುಕ್ಕೆ ಬಿದ್ದ ಹಾಗೆ, ಒಂದು ಕೆಂಚು. ಅವರು ಎಂಜಲೆನ್ನದೆ ಬೆರಳಿನಿಂದ ಮುಟ್ಟಿಯೇ ತೋರಿಸಿದರು. ಆಮೇಲೆ ಅದು ಗಡ್ಡಕ್ಕೆ ಏರಿತು, ಕಪಾಳಕ್ಕೆ ಏರಿತು. ಕಲ್ಲಿನ ಒಳಗೆಲ್ಲೋ ಅಡಗಿದ್ದ ಹಳೆಯ ಬಣ್ಣವೂ ಮೇಣದ ಬಿಸಿಗೆ ಹೊರಗೆ ಬಂದಿರಬೇಕು ಎಂದು ಇವರ ಅಂಬೋಣ.

ಯುಗಾದಿಯ ದಿನ ರಾಮದುರ್ಗದ ಮಾವ ಸಾಕ್ಷಿ ಹೇಳಲು ಬೇಕೆಂದೇ ಬಂದಿದ್ದರು. ಪಂಚಾಂಗ ಓದಿದ್ದಾಯಿತು. ಮಾವನವರು ಪೈಪನ್ನು ಅಂಗಳದ ಬಿಸಿಲಿಗೆ ಒಯ್ದು, ಕನ್ನಡಕ ಏರಿಸಿ, ತಿರುಗಿಸಿ ತಿರುಗಿಸಿ ನೋಡಿದರು. ಅತ್ತೆಯವರು ನನ್ನ ಮೊಣಕೈ ಹಿಡಿದು ನಿಂತಿದ್ದರು.

"ಇದು ಮೊದಲಿನ ಬಣ್ಣ ಅಲ್ಲ," ಎಂದರು.

ಅಲ್ಲವೇ ಅಲ್ಲ. ಅದು ಸುಟ್ಟ ಬೆಲ್ಲದ್ದಾಗಿತ್ತು, ಇದು ಹೊಸ ಜೋನಿಬೆಲ್ಲದ್ದು. ಸುಳ್ಳು ಹೇಗೆ ಹೇಳಲಿ? "ಹೌದ್ರಿ," ಎಂದೆ. ಧಾರವಾಡ ಮುಗಿಯಿತು ಎಂದುಕೊಂಡೆ. ರಾಮದುರ್ಗದ ಮಾವ, "ಮುಗೀತಲ್ಲ ಪಂಥ," ಎಂದರು.

"ಸುಮ್ಮನಿರ್ರಿ ನೀವು," ಎಂದರು ಮಾವನವರು. "ಮೊದಲಿನ ಬಣ್ಣ ನನ್ನ ನೌಕರಿದು. ಅದನ್ನ ಈಕಿ ಎಲ್ಲಿಂದ ತಂದಾಳು? ಇದು ಈಕಿ ದುಡದದ್ದು. ಬಣ್ಣ ತಾ ಅಂದಿದ್ದೆ, ತಂದಾಳ." ಆಮೇಲೆ ಅತ್ತೆಯವರ ಕಡೆ ಮುಖ ಮಾಡಿ ಕೂಗಿದರು, "ಮಥುರಾ, ಅಟ್ಟದ ಮ್ಯಾಲಿನ ನನ್ನ ಕ್ಯಾಂಪಿನ ಟ್ರಂಕ್ ಇಳಸಲಿಕ್ಕೆ ಹೇಳು. ಧಾರವಾಡಕ್ಕ ಹೋಗೂದದ!"

ಅವ್ವಾ, ನಾನು ಗೆದ್ದೆ! ಅಂಗಳದಲ್ಲಿ ಎಲ್ಲರೆದುರಿಗೆ ಅತ್ತೆಯವರನ್ನು ಅಪ್ಪಿಕೊಂಡುಬಿಟ್ಟೆ. ಅವರ ಮಡಿ ಹೋಯಿತು. ಬೈಯಲಿಲ್ಲ.

ನಿನ್ನ ಮಗಳು
ಯಮುನಾ


ಮುರಗೋಡ
೬–೪–೧೯೫೨

ಚಿ. ಸೌ. ಯಮುನಾಳಿಗೆ ಅವ್ವನ ಅನೇಕ ಆಶೀರ್ವಾದ.

ಕಾಗದ ತಲುಪಿತು. ಹಿಂದಿನ ಕಾಗದಗಳನ್ನೂ ಸೇರಿಸಿ ನಿಮ್ಮಪ್ಪನಿಗೆ ಜೋರಾಗಿ ಓದಿ ಹೇಳಿದೆ. ಉಂಡಿಯ ಡಬ್ಬಿಯ ಮಾತು ಬಂದಾಗ ಅವರು, "ಅಟ್ಟದ ಮ್ಯಾಲೆ ಅಷ್ಟು ದಿನ ನಾರತಿತ್ತಲ್ಲ, ನನಗೇನು ಮೂಗಿಲ್ಲಂತ ತಿಳದಿದ್ದೇನು?" ಎಂದರು. ಗೊತ್ತಿದ್ದೂ ಸುಮ್ಮನಿದ್ದರಂತೆ. ನನ್ನ ಗಂಡನ ಗುಣ ನನಗೆ ಇಷ್ಟು ವರ್ಷಕ್ಕೆ ಗೊತ್ತಾಯಿತು.

ಧಾರವಾಡದಲ್ಲಿ ಓದಿ ಮುಗಿಸಿದ ಪುಸ್ತಕಗಳನ್ನು ರದ್ದಿಗೆ ಹಾಕಬೇಡ. ಒಂದೊಂದಾಗಿ ಇತ್ತ ಕಳಿಸು. ಐದನೆಯ ಇಯತ್ತೆಯ ಪುಸ್ತಕಗಳು ಅಲ್ಲಿ ಸಿಗುತ್ತಿದ್ದರೆ ಅವನ್ನು ಮೊದಲು ಕಳಿಸು.

ಅವ್ವ


ಬೈಲಹೊಂಗಲ
೨೯–೬–೧೯೫೨

ಚಿ. ಸೌ. ಯಮುನಾಳಿಗೆ ಮಾವನ ಆಶೀರ್ವಾದ.

ನಿನ್ನನ್ನು ಧಾರವಾಡದಲ್ಲಿ ಬಿಟ್ಟು ಬಂದ ಮೇಲೆ ಟ್ರಂಕ್ ಹೊತ್ತ ಹೆಗಲು ಇನ್ನೂ ನೋಯುತ್ತಿದೆ. ಅದರಲ್ಲಿ ಪುಸ್ತಕಗಳಿದ್ದವೋ, ಒಳಕಲ್ಲಿತ್ತೋ? ಕೊಟ್ಟ ಮಾತಾದ್ದರಿಂದ ಹಮಾಲನನ್ನು ಕರೆಯಲಿಲ್ಲ.

ನೀನು ಸಾಲಾಗಿ ಜೋಡಿಸಿಟ್ಟುಹೋದ ಕಟ್ಟಿಗೆಯ ಪೈಪುಗಳನ್ನು ಮತ್ತೆ ಹಿಡಿದಿದ್ದೇನೆ. ಹೊಸದಿದ್ದಾಗಲೂ ಇಷ್ಟು ಸಿಹಿಯಾಗಿ ಬಂದಿರಲಿಲ್ಲ. ಬತ್ತಿಗಳನ್ನು ನಿಮ್ಮ ಅತ್ತೆ ಹೊಸೆಯುತ್ತಾಳೆ. ಮುದುಕನನ್ನು ಮಾತ್ರ ನಾನು ಬಾಯಿಗಿಟ್ಟಿಲ್ಲ. ಅವನು ಹಂಡೆಯ ಪಾಲು. ರವಿವಾರ ಮಧ್ಯಾಹ್ನ ನಿಮ್ಮ ಅತ್ತೆ ನಳ ಬಿಡುತ್ತಾಳೆ, ನಾನು ಕೆಂಡ ಇಡುತ್ತೇನೆ. ನೀನು ಪಾಸಾಗಿ ಬರುವಷ್ಟರಲ್ಲಿ ಪೇಟಕ್ಕೂ ಬಣ್ಣ ಏರಬೇಕು. ಆ ಬಣ್ಣಕ್ಕೆ ಧಾರವಾಡದ್ದು ಎಂದು ಈಗಲೇ ಹೆಸರಿಟ್ಟಿದ್ದೇನೆ.

ನಿನ್ನೆ ಸವದತ್ತಿಯಿಂದ ನನ್ನ ಕೈಕೆಳಗೆ ದುಡಿದ ಹಳೆಯ ಕಾರಕೂನರು ಬಂದಿದ್ದರು. ಗೋಡೆಯ ಕಡೆ ನೋಡಿ, "ರಾಯರ, ಇದು ಯಾರ ಕೆಲಸರಿ?" ಎಂದು ಕೇಳಿದರು. ಮೊಳೆ ಹಳೆಯದೇ, ಮಾತೂ ಹಳೆಯದೇ. ಆದರೆ ಈ ಸಲ ಆ ಮಾತು ಹೇಳುವುದಕ್ಕೆ ನಾನು ತೂಗುಮಂಚದಿಂದ ಎದ್ದು ನಿಂತೆ.

"ನೋಡ್ರಿ," ಎಂದೆ, "ನಮ್ಮ ಸೊಸಿ ಪ್ರತಾಪ."

ದಿಗಂಬರರಾಯ